ಮೆಣಸಿನ ಕಾಳಿನ ಚಂದ್ರ, ಕೊಡೆಯ ಡಿಶ್

ಆಗಸ್ಟ್ ಕೊನೆಯಲ್ಲಿ ನಮ್ಮ ಮಗನಿಗೆ ಏಳು ತುಂಬಿತು. ಜುಲೈ ಮೊದಲ ವಾರವೇ ಸಾಹೇಬರು ಹೇಳಿಬಿಟ್ಟಿದ್ದರು, ಈ ಸಲ ಸ್ಪೇಸ್ ಥೀಮ್, ಹುಟ್ಟುಹಬ್ಬಕ್ಕೂ ಅದೇ, ಆಮೇಲೆ ಅವನು ಮಲಗುವ ಕೋಣೆಗೂ ಅದೇ. ಸರಿ ಅಂದೆ. ಅಲಂಕಾರ ಮಾಡುವವರನ್ನು ವಿಚಾರಿಸಿದರೆ ಎಂಟು ಸಾವಿರ ಅಂದರು. ಅಷ್ಟು ನಮ್ಮ ಕೈಲಾಗಲ್ಲ. ಆನ್‌ಲೈನ್‌ನಲ್ಲಿ ಏಳುನೂರು ರೂಪಾಯಿಯ ಒಂದು ಕಿಟ್ ತರಿಸಿದೆ.

ಡಬ್ಬ ಬಿಚ್ಚಿದಾಗ ಇದ್ದದ್ದು ಇಷ್ಟು: ಒಂದು ಬ್ಯಾನರ್, ಇಪ್ಪತ್ತು ಬಲೂನು, ರಟ್ಟಿನಲ್ಲಿ ಕತ್ತರಿಸಿದ ಎಂಟು ಗ್ರಹ. ಎಂಟೂ ಒಂದೇ ಸೈಜು! ಗುರುವೂ ಅಷ್ಟೇ, ಬುಧನೂ ಅಷ್ಟೇ. ಸೂರ್ಯ ಅಂತ ಒಂದು ಹಳದಿ ಬಿಲ್ಲೆ, ಅದಕ್ಕೆ ಕಣ್ಣು ಮೂಗು ಬರೆದು ನಗಿಸಿದ್ದರು. ರಾಕೆಟ್ ಮೇಲೆ ಯಾವುದೋ ದೇಶದ ಬಾವುಟ. ಮಗ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಎರಡು ಸಲ ಎಣಿಸಿ, "ಅಮ್ಮ, ಇದ್ರಲ್ಲಿ ಡಿಶ್ ಎಲ್ಲಿ?" ಅಂದ.

ಹಾಸನದವರಿಗೆ ಇದು ಅರ್ಥವಾಗುತ್ತೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ ಇದೆ, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, 1982ರಿಂದ. ಆ ಕಡೆ ಹೋದಾಗಲೆಲ್ಲ ದೊಡ್ಡ ದೊಡ್ಡ ಬಿಳಿ ಡಿಶ್‌ಗಳು ಆಕಾಶ ನೋಡುತ್ತಾ ನಿಂತಿರುವುದು ಕಾಣುತ್ತದೆ. ನಮ್ಮ ಮಗನಿಗೆ ಸ್ಪೇಸ್ ಅಂದ್ರೆ ಅದೇ. ರಾಕೆಟ್ಟನ್ನು ಅವನು ಟೀವಿಯಲ್ಲಿ ಮಾತ್ರ ನೋಡಿದ್ದಾನೆ, ಡಿಶ್ಶನ್ನು ಅಪ್ಪನ ಬೈಕಿನ ಮೇಲೆ ಕೂತು ನೋಡಿದ್ದಾನೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದಾಗ ಬೀದಿಯಲ್ಲೆಲ್ಲ ಪಟಾಕಿ, ಇವನು ಆಗಿನ್ನೂ ಚಿಕ್ಕವನು, "ನಮ್ಮ ಡಿಶ್ಶೇ ಇಳಿಸಿದ್ದು" ಅಂತ ಕುಣಿದಿದ್ದ. ನಮ್ಮನೆಯವರು, ಅದನ್ನು ನೋಡಿಕೊಂಡಿದ್ದು ಬೆಂಗಳೂರಿನವರು, ಅದರ ದೊಡ್ಡ ಆಂಟೆನಾ ಅಲ್ಲೇ ಹತ್ತಿರದ ಬ್ಯಾಲಾಳಿನಲ್ಲಿದೆ, ನಮ್ಮ ಹಾಸನದ್ದು ಟೀವಿ, ಹವಾಮಾನದಂಥ ಕೆಲಸಕ್ಕೆ ಇರುವ ಉಪಗ್ರಹಗಳನ್ನು ಕಾಯುವ ಜಾಗ ಅಂತ ಎಷ್ಟು ಬಿಡಿಸಿ ಹೇಳಿದರೂ ಅವನು ಒಪ್ಪಲಿಲ್ಲ. ಈಗಲೂ ಅರ್ಧ ಮಾತ್ರ ಒಪ್ಪಿದ್ದಾನೆ.

ಕಿಟ್ ವಾಪಸ್ ಕಳಿಸಿದೆ. ಬಲೂನು ಇಟ್ಟುಕೊಳ್ಳಬಹುದಿತ್ತು ಅಂತ ಆಮೇಲೆ ಅನ್ನಿಸಿತು.

ಮನೆಯಲ್ಲೇ ಮಾಡುವುದು ಅಂತ ಆದ ಮೇಲೆ ನಾನು ಒಂದೇ ಹಟ ಹಿಡಿದೆ, ಗ್ರಹಗಳ ಸೈಜು ಸರಿ ಇರಬೇಕು. ಭೂಮಿಯ ಅಡ್ಡಳತೆ 12,742 ಕಿಲೋಮೀಟರ್. ಅದನ್ನು 2 ಸೆಂಟಿಮೀಟರ್ ಅಂತ ಇಟ್ಟುಕೊಂಡೆವು. ಆಗ ಗುರು 22 ಸೆಂಟಿಮೀಟರ್, ಶನಿ 18, ಅವನ ಬಳೆ 43, ಯುರೇನಸ್ ಮತ್ತು ನೆಪ್ಚೂನ್ ಹೆಚ್ಚುಕಡಿಮೆ 8. ಮಂಗಳ ಒಂದು ಸೆಂಟಿಮೀಟರ್, ಬುಧ ಮುಕ್ಕಾಲು. ಚಂದ್ರ ಅರ್ಧ ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ. ಸೂರ್ಯ? 218 ಸೆಂಟಿಮೀಟರ್. ಅಂದರೆ ಏಳು ಅಡಿ ಎರಡು ಇಂಚು. ನಮ್ಮ ಬಾಗಿಲಿಗಿಂತ ಎತ್ತರ.

ಮಗನಿಗೆ ಇದು ಹಬ್ಬ. ಸ್ಕೇಲ್ ಹಿಡಿದುಕೊಂಡು ಅಡುಗೆಮನೆಯ ಡಬ್ಬಗಳನ್ನೆಲ್ಲ ತೆಗೆದ. ಭೂಮಿಗೆ ಮತ್ತು ಶುಕ್ರನಿಗೆ ಎರಡು ಅಂಟುವಾಳದ ಕಾಯಿ ಸಿಕ್ಕವು, ದಪ್ಪನೆಯವು, ಬಣ್ಣ ಹಚ್ಚಿದರೆ ಸಾಕು. ಮಂಗಳನಿಗೆ ಕಾಬೂಲಿ ಕಡಲೆ. ಬುಧನಿಗೆ ನಮ್ಮ ಮಾಮೂಲಿ ಕಡಲೆಕಾಳು. ಚಂದ್ರನಿಗೆ ಕರಿಮೆಣಸು, ಅದೂ ಸಕಲೇಶಪುರದ ಅತ್ತೆ ಮನೆಯ ಬಳ್ಳಿಯದು. ಅದರ ಸುಕ್ಕು ನೋಡಿದರೆ ಚಂದ್ರನ ಮೇಲಿನ ಗುಂಡಿಗಳ ಹಾಗೇ ಇತ್ತು, ಬಣ್ಣವೊಂದು ಬಿಟ್ಟರೆ. ಬಿಳಿ ಪೇಂಟಿನಲ್ಲಿ ಅದ್ದಿ ತೆಗೆದೆವು, ಅಷ್ಟೇ.

ಕಷ್ಟ ಶುರುವಾಗಿದ್ದು ದೊಡ್ಡ ಗ್ರಹಗಳಲ್ಲಿ.

ಬಲೂನು ಊದಿ, ಅದರ ಮೇಲೆ ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಅಂಟಿಸುತ್ತಾ ಹೋದರೆ, ಒಣಗಿದ ಮೇಲೆ ಬಲೂನು ಒಡೆದು ತೆಗೆದರೆ ಗಟ್ಟಿ ಚಿಪ್ಪು ಉಳಿಯುತ್ತೆ ಅಂತ ನೋಡಿದ್ದೆ. ಆ ವೀಡಿಯೊ ಮಾಡಿದವರ ಊರಿನಲ್ಲಿ ಬಿಸಿಲಿತ್ತು ಅಂತ ಕಾಣುತ್ತೆ. ನಮ್ಮಲ್ಲಿ ಜುಲೈ ಕೊನೆ, ಬಿಡದೆ ಸೋನೆ ಮಳೆ. ಗುರು ಮತ್ತು ಶನಿ ಇಬ್ಬರನ್ನೂ ಹಾಲ್‌ನಲ್ಲಿ ಫ್ಯಾನ್ ಕೆಳಗೆ ನೇತುಹಾಕಿದೆ. ಎರಡು ದಿನ ಆದರೂ ಮುಟ್ಟಿದರೆ ತಣ್ಣಗೆ. ರಾತ್ರಿ ಚಳಿಗೆ ಬಲೂನು ಸ್ವಲ್ಪ ಕುಗ್ಗಿ, ಒದ್ದೆ ಪೇಪರ್ ಅದರಿಂದ ಬಿಟ್ಟುಕೊಂಡು ಗುರುವಿನ ಮೈಯೆಲ್ಲ ಸುಕ್ಕು. ನಾಲ್ಕನೇ ದಿನ ಬೂಷ್ಟು. ಹಸಿರು ಬಣ್ಣದ್ದು, ವಾಸನೆ ಬೇರೆ.

ಶನಿ ಒಂದಾದರೂ ಉಳಿಯಲಿ ಅಂತ ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ದಾರ ಕಟ್ಟಿ ತೂಗುಹಾಕಿದೆ. ನಮ್ಮದು ಹಳೇ ಮನೆ, ಹಿಂದಿನ ಭಾಗದಲ್ಲಿ ಇನ್ನೂ ಸೌದೆ ಒಲೆ ಇದೆ. ಬೆಳಗ್ಗೆ ನೀರು ಕಾಯಿಸಲು ಬೆಂಕಿ ಹಾಕಿ ಹತ್ತು ನಿಮಿಷ ಆಗಿಲ್ಲ, ಟಪ್ ಅಂತ ಸದ್ದು. ಕಾವಿಗೆ ಒಳಗಿನ ಗಾಳಿ ಹಿಗ್ಗಿ ಬಲೂನು ಒಡೆದಿತ್ತು, ಚಿಪ್ಪು ಇನ್ನೂ ಗಟ್ಟಿಯಾಗಿರಲಿಲ್ಲವಲ್ಲ, ಹಂಡೆಯ ಮುಚ್ಚಳದ ಮೇಲೆ ಹಳಸಿದ ದೋಸೆಯ ಹಾಗೆ ಬಿದ್ದಿತ್ತು. ಮಗ ಅಳಲಿಲ್ಲ, ನಾನೇ ಅಳುವ ಹಾಗಾದೆ.

ಅಷ್ಟರಲ್ಲಿ ಅತ್ತೆ ಬಂದರು. ಮೊಮ್ಮಗನ ಹುಟ್ಟುಹಬ್ಬ, ಗೌರಿ ಹಬ್ಬ ಎರಡೂ ಮುಗಿಸಿಕೊಂಡು ಹೋಗುವುದು ಅಂತ ಸಕಲೇಶಪುರದಿಂದ ಬಸ್ಸಿನಲ್ಲಿ, ಮಾವನವರ ಕಾಲದ ಉದ್ದ ಹಿಡಿಯ ಕರಿ ಕೊಡೆ ಹಿಡಿದುಕೊಂಡು. ಆ ಕೊಡೆಯ ಕಥೆ ಆಮೇಲೆ ಹೇಳುತ್ತೇನೆ.

"ಬರೀ ಮೈದಾ ಹಾಕಿದ್ರೆ ಬೂಷ್ಟು ಹಿಡೀದೆ ಇನ್ನೇನಾಗುತ್ತೆ" ಅಂದರು. ಮೊದಲು ಹೇಳಿದ್ದು ಚಿಟಿಕೆ ಮೈಲುತುತ್ತ ಹಾಕು ಅಂತ. ಕಾಫಿ ತೋಟದವರಿಗೆ ಮೈಲುತುತ್ತ ಅಂದರೆ ಎಲ್ಲದಕ್ಕೂ ಮದ್ದು, ಮಳೆಗಾಲಕ್ಕೆ ಮುಂಚೆ ಅದನ್ನೇ ಸುಣ್ಣದ ಜೊತೆ ಕಲಸಿ ಗಿಡಗಳಿಗೆ ಬೋರ್ಡೋ ಹೊಡೆಸುತ್ತಾರೆ. ಗೋಡೆಗೆ ಪೋಸ್ಟರ್ ಅಂಟಿಸುವವರೂ ಅಂಟಿಗೆ ಬೆರೆಸುವುದುಂಟು. ಆದರೆ ಅದು ವಿಷ, ಮಗ ಎರಡೂ ಕೈ ಅದ್ದಿಕೊಂಡು ಕೂತಿರುತ್ತಾನೆ, ಬೇಡವೇ ಬೇಡ ಅಂದೆ. ಅತ್ತೆ ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ಮೆಂತ್ಯ ನೆನೆಹಾಕು" ಅಂದರು.

ಮೊರಕ್ಕೆ ಮೆತ್ತುವ ಹಿಟ್ಟು! ನನಗೆ ಹೊಳೆದೇ ಇರಲಿಲ್ಲ. ಹಳ್ಳಿ ಮನೆಗಳಲ್ಲಿ ಹೊಸ ಮೊರ, ಬುಟ್ಟಿ ತಂದರೆ ಸಂದಿ ಮುಚ್ಚಲಿಕ್ಕೆ ಹಳೇ ಪೇಪರ್ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಮೆತ್ತುತ್ತಿದ್ದರು. ಮೆಂತ್ಯದ ಲೋಳೆ ಒಳ್ಳೇ ಅಂಟು, ಅದರ ಕಹಿಗೆ ಹುಳ ಹತ್ತಿರ ಬರಲ್ಲ. ನನ್ನ ಅಜ್ಜಿ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ, ಆದರೂ ಫೋನ್ ಹಿಡಿದುಕೊಂಡು ಯಾರದೋ ಮೈದಾ ನೋಡುತ್ತಾ ಕೂತಿದ್ದೆ.

ಈ ಸಲ ಮಾಡಿದ್ದು ಹೀಗೆ. ಒಂದು ಹಿಡಿ ಮೆಂತ್ಯ ರಾತ್ರಿ ನೆನೆಸಿ, ಬೆಳಗ್ಗೆ ನುಣ್ಣಗೆ ರುಬ್ಬಿ, ಸ್ವಲ್ಪ ಮೈದಾ ಗಂಜಿ, ಒಂದು ಚಮಚ ಉಪ್ಪು. ಬಲೂನಿಗೆ ಮೊದಲು ಕೊಬ್ಬರಿ ಎಣ್ಣೆ ಸವರಿದೆ, ಆಗ ಕೊನೆಯಲ್ಲಿ ಸಲೀಸಾಗಿ ಬಿಟ್ಟು ಬರುತ್ತೆ. ಒಂದು ದಿನಕ್ಕೆ ಒಂದೇ ಪದರ. ಹಿಂದಿನ ಸಲ ಆತುರಕ್ಕೆ ಮೂರು ಪದರ ಒಟ್ಟಿಗೆ ಮೆತ್ತಿದ್ದೇ ದೊಡ್ಡ ತಪ್ಪು. ಎರಡು ಪದರ ಗಟ್ಟಿಯಾಗುವ ತನಕ ಫ್ಯಾನ್ ಗಾಳಿ, ಆಮೇಲೆ ಬಚ್ಚಲುಮನೆ, ಅದೂ ಒಲೆಯ ನೆತ್ತಿಯ ಮೇಲಲ್ಲ, ಬೆಂಕಿ ಆರಿದ ಮೇಲೆ ಬಾಗಿಲ ಹತ್ತಿರ. ಗುರುವಿಗೆ ಐದು ಪದರ, ಆರು ದಿನ. ಬೆರಳಲ್ಲಿ ತಟ್ಟಿದರೆ ಸೋರೆ ಬುರುಡೆ ತಟ್ಟಿದ ಹಾಗೆ ಸದ್ದು ಬರಬೇಕು, ಆಗ ಸೂಜಿ ಚುಚ್ಚಬಹುದು. ಯುರೇನಸ್, ನೆಪ್ಚೂನ್‌ಗೆ ಹಳೇ ಟೆನ್ನಿಸ್ ಬಾಲ್ ಮೇಲೆ ರುಬ್ಬಿದ ಪೇಪರ್ ಹಿಟ್ಟನ್ನೇ ಅರ್ಧ ಸೆಂಟಿಮೀಟರ್‌ನಷ್ಟು ಮೆತ್ತಿದೆವು. ಅವು ಒಣಗಲು ಒಂಬತ್ತು ದಿನ ಹಿಡಿಯಿತು. ಮನೆಯೆಲ್ಲ ಮೆಂತ್ಯದ ವಾಸನೆ, ನಮ್ಮನೆಯವರು ಆಫೀಸಿನಲ್ಲಿ ಯಾರೋ ಬಾಣಂತಿ ಇದ್ದಾರಾ ಮನೇಲಿ ಅಂತ ಕೇಳಿದರು ಅಂದರು.

ಬಣ್ಣಕ್ಕೆ ಕಸ್ತೂರಬಾ ರಸ್ತೆಯಿಂದ ಬಿಳಿ, ನೀಲಿ, ಕಪ್ಪು ಪೋಸ್ಟರ್ ಕಲರ್ ಮಾತ್ರ ತಂದೆ. ಉಳಿದದ್ದು ಮನೆಯದೇ. ಗುರುವಿನ ಪಟ್ಟೆಗಳಿಗೆ ಕಾಫಿ ಡಿಕಾಕ್ಷನ್, ಗಟ್ಟಿಯದ್ದು ಒಂದು ಪಟ್ಟೆ, ನೀರು ಬೆರೆಸಿದ್ದು ಒಂದು ಪಟ್ಟೆ. ನಿಜವಾಗಿ ಇಡೀ ಅಲಂಕಾರದಲ್ಲಿ ಅದಕ್ಕಿಂತ ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಗುರುವಿನ ಕೆಂಪು ಮಚ್ಚೆಗೂ ಮಂಗಳನಿಗೂ ರಂಗೋಲಿಗೆ ಬಳಸುವ ಕೆಮ್ಮಣ್ಣು. ಮಂಗಳನಿಗೆ ಕೆಮ್ಮಣ್ಣು ಹಚ್ಚುವುದು ಸುಮ್ನೆ ಹೋಲಿಕೆಗಲ್ಲ. ಅಲ್ಲಿನ ಮಣ್ಣು ಕೆಂಪಾಗಿರುವುದು ತುಕ್ಕು ಹಿಡಿದ ಕಬ್ಬಿಣದಿಂದ, ನಮ್ಮ ಕೆಮ್ಮಣ್ಣಿನ ಬಣ್ಣವೂ ಅದರಿಂದಲೇ. ಮಗನಿಗೆ ಹೇಳಿದೆ. "ಅಂದ್ರೆ ನಮ್ಮ ಅಂಗಳದಲ್ಲಿ ಮಂಗಳ ಇದೆಯಾ?" ಅಂದ. ಸ್ವಲ್ಪ ಇದೆ ಅಂದೆ.

ಶನಿಗೆ ಅರಿಶಿನ ಅಂದುಕೊಂಡಿದ್ದೆ. ಪೇಪರಿನ ಅಕ್ಷರ ಕಾಣದ ಹಾಗೆ ಮೊದಲು ತಿಳಿಯಾಗಿ ಸುಣ್ಣ ಬಳಿದು, ಒಣಗುವ ಮುಂಚೆಯೇ ಅರಿಶಿನದ ನೀರು ಹಚ್ಚಿದೆ. ಹಚ್ಚುತ್ತಿದ್ದ ಹಾಗೇ ಕೆಂಪು ತಿರುಗಿತು! ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತೆ ಅಂತ ಆರತಿ ನೀರು ಕಲಸುವ ಯಾವ ಹೆಂಗಸಿಗೆ ಗೊತ್ತಿಲ್ಲ ಹೇಳಿ, ಆ ಹೊತ್ತಿಗೆ ತಲೆಗೇ ಬರಲಿಲ್ಲ. ಓಕುಳಿ ಆಡಿ ಬಂದವನ ಹಾಗೆ ಶನಿ ಕೂತಿದ್ದ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಶನಿಗೆ ಅರಿಶಿನ ಹಚ್ಚೋಕೆ ಹೋದ್ರೆ ಹೀಗೇ" ಅಂತ ಹೇಳಿ ಒಳಗೆ ಹೋದರು. ಬಿಳಿ ಪೋಸ್ಟರ್ ಕಲರ್ ಎರಡು ಕೋಟ್ ಹೊಡೆದು, ಅದರ ಮೇಲೆ ಮತ್ತೆ ಅರಿಶಿನ. ಆಗ ಸರಿಹೋಯಿತು.

ಆದರೆ ಅತ್ತೆಯ ಅಸಲಿ ತಕರಾರು ಬಣ್ಣದ್ದಲ್ಲ. "ಮಗು ಮಲಗೋ ಕೋಣೇಲಿ ಶನೀನ ತೂಗುಹಾಕ್ತೀರಾ?" ನಾನು ಗ್ರಹ ಬೇರೆ, ದೇವರು ಬೇರೆ ಅಂತೆಲ್ಲ ಶುರುಮಾಡಿದೆ, ನಮ್ಮನೆಯವರು ಕಣ್ಣಲ್ಲೇ ಸುಮ್ನಿರು ಅಂದರು. ಮಾತುಕತೆ ಎರಡು ದಿನ ನಡೆಯಿತು. ಕೊನೆಗೆ ಒಪ್ಪಂದ ಆದದ್ದು, ಶನಿ ಇರಲಿ, ಹಾಸಿಗೆಯ ಮೇಲೆ ಬೇಡ, ಕಾಲ ಕಡೆಯೂ ಬೇಡ, ಕಿಟಕಿಯ ಮೂಲೆಯಲ್ಲಿ ಇರಲಿ. ಆಮೇಲೆ ನೋಡಿದರೆ ಅಲ್ಲೇ ಚೆನ್ನಾಗಿತ್ತು. ನಾನು ಹಾಕಬೇಕು ಅಂದುಕೊಂಡಿದ್ದ ಕಡೆ ಫ್ಯಾನಿನ ರೆಕ್ಕೆ ಆ 43 ಸೆಂಟಿಮೀಟರ್ ಬಳೆಗೆ ತಾಗುತ್ತಿತ್ತು.

ಸೂರ್ಯನನ್ನು ಪೂರ್ತಿ ಮಾಡಲಿಲ್ಲ. ನನ್ನ ಹಳೇ ಹಳದಿ ಕಾಟನ್ ಸೀರೆಯನ್ನು ನೆಲದ ಮೇಲೆ ಹಾಸಿ, 109 ಸೆಂಟಿಮೀಟರ್ ದಾರದ ಒಂದು ತುದಿಗೆ ಚಾಕ್‌ಪೀಸ್ ಕಟ್ಟಿ, ಇನ್ನೊಂದು ತುದಿಯನ್ನು ಮಗ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕಾಲು ಭಾಗದ ವೃತ್ತ ಎಳೆದು ಕತ್ತರಿಸಿದೆವು. ಹಾಲ್‌ನ ಮೂಲೆಯಲ್ಲಿ ಅಂಟಿಸಿದರೆ ಸೂರ್ಯ ಗೋಡೆಯಿಂದಾಚೆಗೆ ಹೋಗಿದ್ದಾನೆ ಅನ್ನಿಸುತ್ತಿತ್ತು. ಗ್ರಹಗಳ ದೂರ ಮಾತ್ರ ಲೆಕ್ಕದ ಪ್ರಕಾರ ಇಡಲು ಸಾಧ್ಯವೇ ಇಲ್ಲ. ಈ ಅಳತೆಯಲ್ಲಿ ಭೂಮಿ ಸೂರ್ಯನಿಂದ 235 ಮೀಟರ್ ಆಚೆ ಇರಬೇಕು, ಅಂದರೆ ನಮ್ಮ ಬೀದಿ ದಾಟಿ ಹಾಲಿನ ಬೂತ್ ಹತ್ತಿರ. ನೆಪ್ಚೂನ್ ಏಳು ಕಿಲೋಮೀಟರ್. ದಾರ ಸಾಲಲ್ಲ.

ಚಂದ್ರನ ದೂರ ಸಾಧ್ಯವಿತ್ತು, ಮೂವತ್ತು ಭೂಮಿ ಸಾಲಾಗಿ ಜೋಡಿಸಿದಷ್ಟು, 60 ಸೆಂಟಿಮೀಟರ್. ಮತ್ತೆ ನಮ್ಮ ಡಿಶ್‌ಗಳು ಮಾತಾಡುವ ಆ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ, ಸಮಭಾಜಕದ ನೇರಕ್ಕೆ. ನಮ್ಮ ಲೆಕ್ಕದಲ್ಲಿ ಐದೂವರೆ ಸೆಂಟಿಮೀಟರ್‌ಗಿಂತ ಚೂರು ಮೇಲೆ. ಅಂಟುವಾಳದ ಭೂಮಿಗೆ ಸಣ್ಣ ತಂತಿ ಚುಚ್ಚಿ, ತುದಿಗೆ ಒಂದು ಸಾಸಿವೆ ಕಾಳು ಅಂಟಿಸಿದೆವು. ಆ ಅಳತೆಗೆ ಸಾಸಿವೆಯೇ ಸಾವಿರ ಕಿಲೋಮೀಟರ್ ದಪ್ಪದ ಉಪಗ್ರಹ ಆಯಿತು, ಇರಲಿ, ಅದಕ್ಕಿಂತ ಸಣ್ಣದು ಅಂಟಿಸಲು ನನ್ನ ಕಣ್ಣಿಗೆ ಆಗಲ್ಲ. ಆ ಎತ್ತರದಲ್ಲಿ ಅದು ಭೂಮಿ ತಿರುಗುವಷ್ಟೇ ಹೊತ್ತಿಗೆ ಒಂದು ಸುತ್ತು ಹಾಕುತ್ತೆ, ಅದಕ್ಕೇ ನಮಗೆ ಒಂದೇ ಕಡೆ ನಿಂತ ಹಾಗೆ. ಮನೆ ಮೇಲಿನ ಟೀವಿ ಡಿಶ್ ಯಾಕೆ ಅಲ್ಲಾಡದೆ ಒಂದೇ ಕಡೆ ನೋಡುತ್ತೆ ಅನ್ನುವುದು ಇವನಿಗೆ ಗೊತ್ತಾಗಿದ್ದು ಆ ತಂತಿ ಹಿಡಿದು ತಿರುಗಿಸಿದಾಗ. ನನಗೂ ಆಗಲೇ ಅನ್ನಿ.

ಈಗ ಕೊಡೆ. ಡಿಶ್ ಮಾಡಲು ಮೊದಲು ಮೊರ ನೋಡಿದೆವು, ಚಪ್ಪಟೆ. ಬಾಣಲೆ ಭಾರ. ಅತ್ತೆಯ ಕೊಡೆ ಮೂಲೆಯಲ್ಲಿ ಬಿಚ್ಚಿ ಒಣಗಲು ಇಟ್ಟಿದ್ದು ಮಗನ ಕಣ್ಣಿಗೆ ಬಿತ್ತು. ಅಜ್ಜಿಯ ಹತ್ತಿರ ಹೋಗಿ ಏನು ಮಾತಾಡಿದನೋ, ಹತ್ತು ನಿಮಿಷದಲ್ಲಿ ಕೊಡೆ ಅವನ ಕೈಯಲ್ಲಿತ್ತು. ಊಟದ ಬೆಳ್ಳಿ ಬಣ್ಣದ ಪೇಪರ್ ತಟ್ಟೆಗಳು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕಟ್ಟಿನ ಲೆಕ್ಕದಲ್ಲಿ ಸಿಗುತ್ತವೆ. ತಟ್ಟೆಯನ್ನು ನೀರಿನಲ್ಲಿ ಸ್ವಲ್ಪ ನೆನೆಸಿದರೆ ಮೇಲಿನ ಬೆಳ್ಳಿ ಹಾಳೆ ಸುಲಿದು ಬರುತ್ತೆ. ಅದನ್ನು ಕೊಡೆಯ ಒಳಮೈಗೆ ಒಂದೊಂದೇ ಎಸಳಾಗಿ ಅಂಟಿಸಿದೆವು, ಬಟ್ಟೆ ಹಾಳಾಗಬಾರದು ಅಂತ ಬರೀ ಡಬಲ್ ಟೇಪಿನಲ್ಲಿ. ಡಿಶ್‌ನ ಗುಂಡಿಗೆ ಬಿದ್ದ ಸಿಗ್ನಲ್ ಎಲ್ಲ ಮುಂದೆ ಒಂದೇ ಬಿಂದುವಿಗೆ ಬಂದು ಸೇರುತ್ತಲ್ಲ, ಅಲ್ಲಿ ಅದನ್ನು ಹಿಡಿಯಲು ಒಂದು ಕೊಂಬು ಇರುತ್ತೆ. ಕೊಡೆಗೆ ಆ ಜಾಗದಲ್ಲಿ ಹಿಡಿ ಸಿದ್ಧವಾಗಿಯೇ ಇದೆ! ಅದಕ್ಕೆ ಸೀಮೆಎಣ್ಣೆ ಆಲಿಕೆ ಸಿಕ್ಕಿಸಿದೆವು. ಕೆಟ್ಟುಹೋದ ಪೆಡೆಸ್ಟಲ್ ಫ್ಯಾನಿನ ತಲೆ ಬಿಚ್ಚಿ ಆ ಸ್ಟ್ಯಾಂಡಿಗೆ ಕೊಡೆ ಕಟ್ಟಿದ್ದು ನಮ್ಮನೆಯವರ ಐಡಿಯಾ. ಕುತ್ತಿಗೆ ಬಗ್ಗಿಸಬಹುದು, ತಿರುಗಿಸಬಹುದು. ನಾವು ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿದ್ದೇವೆ, ಹಾಗಾಗಿ ಡಿಶ್ ದಕ್ಷಿಣಕ್ಕೆ ವಾಲಿರಬೇಕು. ಫೋನಿನ ಕಂಪಾಸ್ ನೋಡಿ ನಿಲ್ಲಿಸಿದ. ನೆಂಟರು ಬಂದು ಯಾರೇ ಸರಿಸಿದರೂ ಮತ್ತೆ ಹೋಗಿ ದಕ್ಷಿಣಕ್ಕೆ ತಿರುಗಿಸುತ್ತಿದ್ದ.

ಹುಟ್ಟುಹಬ್ಬದ ದಿನದ್ದು ಜಾಸ್ತಿ ಹೇಳುವುದೇನಿಲ್ಲ. ಹದಿನಾಲ್ಕು ಮಕ್ಕಳು, ಗಲಾಟೆ, ಕರೆಂಟು ಒಂದು ಸಲ ಹೋಗಿ ಬಂತು. ಅತ್ತೆ ಮಾಡಿದ ಕೋಡುಬಳೆ ಶನಿಯ ಬಳೆ ಅಂತ, ರವೆ ಉಂಡೆ ಚಂದ್ರ ಅಂತ ಖಾಲಿಯಾದವು. ಒಂದು ಆಟ ಇಟ್ಟಿದ್ದೆ. ಭೂಮಿ ಇಲ್ಲಿದೆ, ಚಂದ್ರನನ್ನು ಎಷ್ಟು ದೂರ ಇಡಬೇಕು? ಎಲ್ಲ ಮಕ್ಕಳೂ ಒಂದು ಗೇಣಿನ ಒಳಗೇ ಇಟ್ಟರು, ಬಿಡಲು ಬಂದ ಅಪ್ಪ ಅಮ್ಮಂದಿರೂ ಅಷ್ಟೇ. ಒಬ್ಬಳು ಹುಡುಗಿ ಮಾತ್ರ ಮೊಳ ಹಾಕಿ ಮೊಳಕ್ಕಿಂತ ಆಚೆ ಇಟ್ಟಳು, ಅವಳಿಗೇ ಬಹುಮಾನ. ಈ ನಡುವೆ ಪಕ್ಕದ ಮನೆಯ ಮೂರು ವರ್ಷದ ಪುಟಾಣಿ ಚಂದ್ರನನ್ನು ಬಾಯಿಗೆ ಹಾಕಿಕೊಂಡು ಕಚ್ಚಿಬಿಟ್ಟ. ಪೇಂಟಿನ ಕೆಳಗೆ ಮಲೆನಾಡಿನ ಮೆಣಸು, ಕೇಳಬೇಕಾ. ಬೆಲ್ಲ ತಿನ್ನಿಸಿ ಸಮಾಧಾನ ಮಾಡಿದೆವು. ಚಿಕ್ಕ ಮಕ್ಕಳು ಬರುವ ಮನೆಯಲ್ಲಿ ಕಾಳಿನಷ್ಟು ಸಣ್ಣ ವಸ್ತುವನ್ನು ಕೈಗೆ ಎಟಕುವ ಹಾಗೆ ಇಡಬಾರದಿತ್ತು, ಗಂಟಲಿಗೆ ಸಿಕ್ಕಿದ್ದರೆ ಏನು ಗತಿ. ಈಗ ಸಣ್ಣ ಗ್ರಹಗಳೆಲ್ಲ ಗಾಜಿನ ಬಾಟಲಿಯೊಳಗೆ, ಶೆಲ್ಫ್ ಮೇಲೆ. ಚಂದ್ರ ಹೊಸಬ.

ಮಾರನೇ ದಿನ ಎಲ್ಲವೂ ಕೋಣೆಗೆ ಹೋಯಿತು. ಸೀಲಿಂಗಿಗೆ ರಾತ್ರಿ ಹೊಳೆಯುವ ನಕ್ಷತ್ರ ಅಂಟಿಸಿದೆವು. ಅಂಗಡಿಯವರು ಅದನ್ನು ರೇಡಿಯಂ ಅಂತಲೇ ಕರೆಯುತ್ತಾರೆ, ರೇಡಿಯಂ ಏನೂ ಇರಲ್ಲ. ಒಂದು ಕಾಲದಲ್ಲಿ ಗಡಿಯಾರದ ಮುಳ್ಳುಗಳಿಗೆ ನಿಜವಾದ ರೇಡಿಯಂ ಹಚ್ಚುತ್ತಿದ್ದರು, ಈಗ ಈ ಸ್ಟಿಕ್ಕರುಗಳು ಬೆಳಕು ಕುಡಿದು ಆಮೇಲೆ ನಿಧಾನಕ್ಕೆ ಬಿಡುವ ಬೇರೆ ಪುಡಿಯವು. ಮಲಗುವ ಮುಂಚೆ ಹದಿನೈದು ನಿಮಿಷ ಟ್ಯೂಬ್‌ಲೈಟ್ ಉರಿಸಬೇಕು. ಸಿಕ್ಕಾಪಟ್ಟೆ ಅಂಟಿಸುವ ಬದಲು ಸಪ್ತರ್ಷಿ ಮಂಡಲ ಮಾಡೋಣ ಅಂತ ಏಳು ಅಂಟಿಸಿದೆ. ಅತ್ತೆ ದೀಪ ಆರಿಸಿ ನೋಡಿದವರೇ, "ಅರುಂಧತಿ ಎಲ್ಲೇ?" ಅಂದರು. ಮದುವೆಯಲ್ಲಿ ತೋರಿಸಿದ್ದು ನೆನಪಿಲ್ವಾ ಅಂತ ಬೇರೆ. ಮತ್ತೆ ಸ್ಟೂಲ್ ಹತ್ತಿ, ವಸಿಷ್ಠನ ಪಕ್ಕದಲ್ಲಿ ಅತಿ ಸಣ್ಣದೊಂದು ಕತ್ತರಿಸಿ ಅಂಟಿಸಿದೆ. ಮಳೆಗಾಲದ ತೇವಕ್ಕೆ ಸ್ಟಿಕ್ಕರಿನದೇ ಅಂಟು ನಿಲ್ಲಲಿಲ್ಲ, ಮೂರು ಋಷಿಗಳು ಬೆಳಗಾಗುವುದರೊಳಗೆ ಹಾಸಿಗೆ ಮೇಲಿದ್ದರು. ಹಿಂದೆ ಒಂದು ಚುಕ್ಕೆ ಫೆವಿಕ್ವಿಕ್ ಹಾಕಿದ ಮೇಲೆ ಬಿದ್ದಿಲ್ಲ.

ಒಟ್ಟು ಖರ್ಚು 1,140 ರೂಪಾಯಿ. ಅದರಲ್ಲಿ 300 ನಕ್ಷತ್ರಗಳದ್ದೇ. ಹಾಳಾದ ಮೊದಲ ಗುರು, ಶನಿಯರ ಮೈದಾ ಬಲೂನಿನ ಲೆಕ್ಕ ಬರೆದಿಲ್ಲ.

ಗೌರಿ ಹಬ್ಬ ಕಳೆದು ಅತ್ತೆ ಹೊರಟ ದಿನ ಜೋರು ಮಳೆ. ಕೊಡೆ ಎಲ್ಲಿ ಅಂದರು. ಮಗನ ಮುಖ ನೋಡಬೇಕಿತ್ತು. ಹೊಸ ಕೊಡೆ ಕೊಡುತ್ತೇವೆ ಅಂದರೂ ಅತ್ತೆ ಕೇಳಲಿಲ್ಲ, ಅದು ಮಾವನವರದ್ದು. ಆಲಿಕೆ ಬಿಚ್ಚಿದೆ, ಬೆಳ್ಳಿ ಹಾಳೆ ಕೀಳಲು ಹೋದೆ. "ಬಸ್ಸಿಗೆ ಹೊತ್ತಾಯ್ತು, ಇರ್ಲಿ ಬಿಡು" ಅಂದರು. ಹಾಗೇ ಹಿಡಿದುಕೊಂಡು ಹೊರಟರು, ಹೊರಗೆ ಕರಿ, ಒಳಗೆ ಪಳಪಳ. ರಾತ್ರಿ ಫೋನ್ ಮಾಡಿ ಮುಟ್ಟಿದೆ ಅಂದರು, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡಿದರಂತೆ. ಮಗ ಫೋನ್ ಕಿತ್ತುಕೊಂಡು, "ಅಜ್ಜಿ, ಅದನ್ನ ದಕ್ಷಿಣಕ್ಕೆ ತಿರುಗಿಸಿ ಇಡು" ಅಂದ.

ಫ್ಯಾನ್ ಸ್ಟ್ಯಾಂಡು ಕೋಣೆಯಲ್ಲೇ ಬೋಳಾಗಿ ನಿಂತಿದೆ. ಸದ್ಯಕ್ಕೆ ಮೊರ ಕಟ್ಟಿದ್ದೇವೆ.